ಜವಳಿ ಬಜಾರಿನ ಚಪ್ಪರ ಗಪ್ಪಾಯಿತು

ಬಿಸಿಲಿಗೇ ಒಂದು ಮುಚ್ಚಳ ಹಾಕಿಬಿಟ್ಟರೆ ಹೇಗೆ ಎಂದು ಯಾರಾದರೂ ಕೇಳಿದರೆ ಬೇರೆ ಊರಿನವರು ನಕ್ಕು ಸುಮ್ಮನಾಗುತ್ತಾರೆ. ಬಂಡೆಗೇರಿಯವರು ನಗುವುದಕ್ಕೆ ಹೋಗಲಿಲ್ಲ, ಹಾಕಿಯೇಬಿಟ್ಟರು. ಅವರಿಗೆ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಕಲಬುರಗಿ ಸೀಮೆಯ ಆ ಹಾಸುಗಲ್ಲಿನ ಊರಿನಲ್ಲಿ, ಈ ಶತಮಾನದ ಅರವತ್ತರ ದಶಕ ಬರುವಷ್ಟರಲ್ಲಿ, ಬಿಸಿಲು ಐವತ್ತು ಡಿಗ್ರಿ ಮುಟ್ಟಿತು ಎನ್ನುವುದು ಪತ್ರಿಕೆಯ ಒಳಪುಟದ ಸುದ್ದಿಯಾಗಿತ್ತು. ಬೆಳಗಿನ ಚಹಾ ಮುಗಿಯುವುದರೊಳಗೆ ಬಜಾರು ಬಾಗಿಲು ಹಾಕುತ್ತಿತ್ತು. ಆಸ್ಪತ್ರೆಯಲ್ಲಿ ಬಿಸಿಲು ಬಡಿದವರಿಗೆಂದೇ ಬೇರೆ ವಾರ್ಡು ಮಾಡಿದ್ದರು.

ಈಗ ಊರಿನ ಬಜಾರುಗಳ ಮೇಲೆಲ್ಲ ಚಪ್ಪರವಿದೆ. ಕಂಬದ ಮೇಲೆ ಉಕ್ಕಿನ ಚೌಕಟ್ಟು, ಚೌಕಟ್ಟಿಗೊಂದು ಬಿಳಿ ಫಲಕ, ಹೀಗೆ ಸಾಲುಸಾಲು. ಕೆಳಗೆ ನಿಂತರೆ ಬೇವಿನ ಮರದಡಿ ನಿಂತಷ್ಟು ಹಿತ.

ಫಲಕದ ಗುಟ್ಟು ದೊಡ್ಡದೇನಲ್ಲ. ಮೇಲ್ಮೈ ಪಿಂಗಾಣಿ. ಅದು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳದೆ ಆಕಾಶಕ್ಕೇ ವಾಪಸು ಅಟ್ಟುತ್ತದೆ. ಕೆಳಮೈ ಲೋಹ. ಅದು ಭಾರ ಹೊರುತ್ತದೆ, ಗಾಳಿಗೆ ಬಳುಕುತ್ತದೆ, ಒಡೆಯುವುದಿಲ್ಲ. ಆದರೆ ಇವೆರಡನ್ನೂ ಸುಮ್ಮನೆ ಅಂಟಿಸಿದರೆ, ಬಿಸಿಗೆ ಲೋಹ ಹೆಚ್ಚು ಹಿಗ್ಗಿ ಪಿಂಗಾಣಿ ಕಡಿಮೆ ಹಿಗ್ಗಿ, ಒಂದೇ ಬೇಸಿಗೆಯಲ್ಲಿ ಹಳೆ ತಟ್ಟೆಯ ಬಣ್ಣದಂತೆ ಚಕ್ಕೆ ಏಳುತ್ತದೆ. ಅದಕ್ಕೇ ಬಂಡೆಗೇರಿಯ ಭಟ್ಟಿಯಲ್ಲಿ ಎರಡರ ಪುಡಿಯನ್ನೂ ಪದರಪದರವಾಗಿ ಸುರಿದು, ಮೇಲಿಂದ ಕೆಳಕ್ಕೆ ಬರುತ್ತ ಪಿಂಗಾಣಿ ಕಡಿಮೆಯಾಗುತ್ತ ಲೋಹ ಹೆಚ್ಚಾಗುತ್ತ ಹೋಗುವಂತೆ ಬೇಯಿಸಿದರು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ನಡುವೆ ಗೆರೆಯೇ ಇಲ್ಲದ ಮೇಲೆ ಬಿಟ್ಟುಕೊಳ್ಳುವುದು ಎಲ್ಲಿಂದ?

ಇದನ್ನು ಮಾಡಿದಾಕೆ ಜಗದೇವಿ. ಹುಟ್ಟಿದ್ದು ಇದೇ ಊರಲ್ಲಿ, ಮದುವೆಯಾಗಿ ಹೋದದ್ದು ಇದೇ ಊರಿನ ಜವಳಿ ಬಜಾರಿನ ಮನೆಗೆ. ಮುಚ್ಚಿಹೋಗಿದ್ದ ಸಿಮೆಂಟ್ ಕಾರ್ಖಾನೆಯ ಭಟ್ಟಿಯನ್ನು ಹಟ ಹಿಡಿದು ಮತ್ತೆ ಹೊತ್ತಿಸಿದವಳು, ಫಲಕದ ವಿಷಯ ಹೇಳಲು ಪರದೇಶದ ಸಭೆಗಳಿಗೂ ಹೋಗಿಬಂದವಳು, ಈಗ ಊರಿನ ಚಪ್ಪರ ಮಂಡಳಿಯ ಮುಖ್ಯ ಎಂಜಿನಿಯರು. ತನ್ನ ಫಲಕದ ಮೇಲೆ ಆಕೆಗೆ ಎಷ್ಟು ಹೆಮ್ಮೆಯೆಂದರೆ, ಯಾರಾದರೂ ಅದನ್ನು ತಗಡು ಎಂದರೆ ಮುಖ ಕೆಂಪಗಾಗುತ್ತಿತ್ತು. ಅದು ಗೊತ್ತಿದ್ದೇ ಊರವರು ಬಾಯಿತುಂಬ ತಗಡು ಎನ್ನುತ್ತಿದ್ದರು.

ಚಪ್ಪರಕ್ಕೆ ಒಂದು ದನಿಯಿದೆ. ಪಡುವಣ ಗಾಳಿ ಅಡಿಯಲ್ಲಿ ನುಗ್ಗಿದಾಗ ಫಲಕಗಳು ಗುಂಯ್ ಎಂದು ನಡುಗುತ್ತವೆ. ಬೆಳಗಿನ ತಂಪಿನಲ್ಲಿ ದನಿ ಸಣ್ಣ. ಬಿಸಿಲೇರಿದಂತೆ ಇಳಿಯುತ್ತ ಹೋಗಿ ಮಧ್ಯಾಹ್ನಕ್ಕೆ ಗಂಟಲು ಕಟ್ಟಿದವರ ಹಾಗೆ ದಪ್ಪವಾಗುತ್ತದೆ. ಕಾರಣ ಸರಳ. ಕಾದ ಫಲಕ ಹಿಗ್ಗಲು ನೋಡುತ್ತದೆ, ಸುತ್ತಲಿನ ಚೌಕಟ್ಟು ಅಷ್ಟಕ್ಕೆ ಬಿಡುವುದಿಲ್ಲ. ಇಕ್ಕಟ್ಟಾದ ಫಲಕದ ಕಸುವು ಕುಂದುತ್ತದೆ, ಕಸುವು ಕುಂದಿದ್ದು ನಿಧಾನ ನಡುಗುತ್ತದೆ. ಆ ನಿಧಾನದ ನಡುಕವೇ ದಪ್ಪ ದನಿ. ಊರು ಇದಕ್ಕೆ ಒಗ್ಗಿಕೊಂಡಿತ್ತು. ದನಿ ದಪ್ಪವಾಯಿತೆಂದರೆ ಹಾಲಿನಂಗಡಿಯವರು ಕ್ಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ತಾಯಂದಿರು ಕೂಸುಗಳನ್ನು ಮಲಗಿಸುತ್ತಿದ್ದರು. ಬಜಾರಿನ ಮಹಡಿಯಲ್ಲಿ ಸಂಗೀತ ಹೇಳಿಕೊಡುವ ಮೇಷ್ಟ್ರೊಬ್ಬರು ಮಾತ್ರ ಜಾರುವ ಶ್ರುತಿಯ ಜೊತೆ ಗುದ್ದಾಡಿ ಸೋತು, ಮಧ್ಯಾಹ್ನದ ಪಾಠವನ್ನೇ ನಿಲ್ಲಿಸಿದ್ದರು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ತರಕಾರಿ ಬಜಾರಿನವರು ಗುಂಪುಕಟ್ಟಿಕೊಂಡು ಮಂಡಳಿಯ ಕಚೇರಿಗೆ ಬಂದರು. ಮುಂದೆ ಮಲ್ಕಮ್ಮ. ಬದನೆಕಾಯಿ ಮಾರುವ ಈ ಹೆಂಗಸಿನ ಗಂಟಲಿನ ಮುಂದೆ ಚಪ್ಪರದ ದನಿ ಯಾವ ಲೆಕ್ಕಕ್ಕೂ ಇಲ್ಲ.

"ನಮ್ಮ ತಗಡ ಭಾಳ ಒದರತದ್ರಿ ಬಾಯಾರ," ಎಂದಳು. "ಗಿರಾಕಿ ಭಾವ ಕೇಳಿದ್ದು ನಮಗ ಕೇಳಸೂದಿಲ್ಲ, ನಾವು ಹೇಳಿದ್ದು ಅವರಿಗಿ ಕೇಳಸೂದಿಲ್ಲ. ಜವಳಿ ಬಜಾರಿನ್ಯಾಗ ಮಾತ್ರ ಬಿಸಲೇರಿದ್ರ ಒಂದು ಸಪ್ಪಳಿಲ್ಲ. ಅವರು ನಮಗ ಹಂಗಸ್ಲಕತ್ತಾರ, ನಿಮ್ಮದು ಕಚ್ಚಾ ಮಾಲು ಅಂತ. ನಿಮ್ಮ ಅತ್ತಿ ಮನಿ ಬಜಾರ ಅಂತ ಅಲ್ಲಿಗಿ ಛಲೋ ತಗಡ ಹಾಕಿ, ನಮಗ ಉಳಿದದ್ದು ಬಡದೀರೇನು?"

ಜಗದೇವಿಗೆ ಮೊದಲು ಬಂದದ್ದು ಸಿಟ್ಟು. ಎಲ್ಲ ಫಲಕವೂ ಒಂದೇ ಭಟ್ಟಿಯದು, ಒಂದೇ ಅಳತೆಯದು ಎಂದು ಗದರಿಸಲು ಬಾಯಿ ತೆರೆದವಳು ನಡುವೆಯೇ ತಡೆದಳು.

"ಸಪ್ಪಳಿಲ್ಲ ಅಂದ್ರ? ದನಿ ದಪ್ಪ ಆಗತದ ಅಂತೀರೋ, ನಿಲ್ಲತದ ಅಂತೀರೋ?"

"ನಿಲ್ಲತದ್ರಿ. ಪೂರಾ ಗಪ್."

ಜಗದೇವಿ ಆಮೇಲೆ ಹೇಳುತ್ತೇನೆ ಎಂದು ಅವರನ್ನು ಕೂರಿಸಿ, ನಿಯಂತ್ರಣ ಕೋಣೆಗೆ ನಡೆದಳು.

ಅಲ್ಲಿ ಅಸ್ಮಾ ಕೂತಿದ್ದಳು. ಅಸ್ಮಾ ಮತ್ತು ಜಗದೇವಿ ಕಾಲೇಜಿನಿಂದ ಜೊತೆಗಾರ್ತಿಯರು. ಒಬ್ಬಳು ಫಲಕ ಬೇಯಿಸುವುದನ್ನು ಕಲಿತಳು, ಇನ್ನೊಬ್ಬಳು ಅದರ ಕಂಪನ ಅಳೆಯುವುದನ್ನು. ಪ್ರತಿ ಫಲಕದ ಅಡಿಗೂ ಗುಂಡಿಯಷ್ಟು ದೊಡ್ಡ ಸಂವೇದಕವಿದ್ದು, ಅದರ ನಡುಕ ಎಷ್ಟು ವೇಗದ್ದು ಎಂದು ಅಸ್ಮಾಳ ಪರದೆಗೆ ಹೇಳುತ್ತಿರುತ್ತದೆ. ನೆಟ್ಟಗಿರುವ ಫಲಕ ಹಸಿರು. ದನಿ ತೀರ ಇಳಿದರೆ ಕಿತ್ತಳೆ.

"ನಿನ್ನೆ ಮಧ್ಯಾಹ್ನದ ಜವಳಿ ಬಜಾರ ತೋರಸು," ಎಂದಳು ಜಗದೇವಿ.

ಪರದೆಯ ಮೇಲೆ ಆ ಸಾಲು ಬೆಳಿಗ್ಗೆ ಹಸಿರಾಗಿತ್ತು. ಆಮೇಲೆ ಕಿತ್ತಳೆ ಕಂಡೂ ಕಾಣದ ಹಾಗೆ ಹಾದು ಬೂದಿ ಬಣ್ಣಕ್ಕೆ ತಿರುಗಿತ್ತು.

"ಬೂದಿ ಅಂದ್ರ ಗಾಳಿ ಇಲ್ಲ ಅಂತ," ಎಂದಳು ಅಸ್ಮಾ. "ನೀನೇ ಬರೆದ ನಿಯಮ ಅದು. ಇಷ್ಟಕ್ಕಿಂತ ಕೆಳಗಿನ ದನಿ ಬಂದ್ರ ಗಾಳಿ ನಿಂತದ ಅಂತ ತಿಳ್ಕೋಬೇಕು, ಯಾಕಂದ್ರ ಫಲಕ ಅಷ್ಟು ಇಳಿಯೋದು ಸಾಧ್ಯ ಇಲ್ಲ ಅಂದಿದ್ದಿ."

"ಪಕ್ಕದ ತರಕಾರಿ ಬಜಾರಿನ್ಯಾಗ ಅದೇ ಹೊತ್ತಿಗಿ ಗಾಳಿ ಇತ್ತಲ್ಲ."

ಇಬ್ಬರಿಗೂ ಅರ್ಥವಾಗಿತ್ತು. ಫಲಕ ಕಾಯುತ್ತ ಹೋದಂತೆ ದನಿ ಇಳಿಯುತ್ತದೆ. ಇಳಿದೂ ಇಳಿದೂ ಕೊನೆಗೆ ಕಿವಿಗೆ ಕೇಳದಷ್ಟು ತಳಕ್ಕೆ ಮುಟ್ಟಿತೆಂದರೆ, ಆ ಫಲಕದಲ್ಲಿ ಕಸುವೇ ಉಳಿದಿಲ್ಲ ಎಂದು ಅರ್ಥ. ಅದರ ಮೇಲೆ ಇನ್ನೆರಡು ಡಿಗ್ರಿ ಬಿಸಿ ಬಿದ್ದರೂ ಸಾಕು, ಫಲಕ ಒಮ್ಮೆಲೇ ಒಂದು ಕಡೆಗೆ ಡುಬ್ಬದಂತೆ ಉಬ್ಬಿಬಿಡುತ್ತದೆ. ಲೋಹ ಬಾಗಿಕೊಂಡೀತು. ಪಿಂಗಾಣಿಗೆ ಬಾಗಿ ಗೊತ್ತಿಲ್ಲ. ಅದು ಚೂರಾಗಿ ಉದುರುತ್ತದೆ. ಕೆಳಗೆ ಲಗ್ನದ ಸೀರೆ ಆರಿಸುತ್ತ ಕೂತ ಜನ. ವಾರ ಕಳೆಯುವುದರೊಳಗೆ ಬಿಸಿಲು ಐವತ್ತೊಂದು ದಾಟಲಿದೆ ಎಂದು ಹವಾಮಾನದವರು ಆಗಲೇ ಹೇಳಿದ್ದರು.

ಅಂದು ಬಿಸಿಲೇರಿದ ಮೇಲೆ ಜಗದೇವಿ ಜವಳಿ ಬಜಾರಿಗೆ ಹೋದಳು. ಹೌದು, ಸದ್ದಿರಲಿಲ್ಲ. ಅಂಗಡಿಗಳ ಮುಂದೆ ಇಳಿಬಿಟ್ಟ ಸೀರೆಗಳು ಗಾಳಿಗೆ ಹಾರುತ್ತಿದ್ದವು, ಚಪ್ಪರ ಮಾತ್ರ ಬಾಯಿ ಮುಚ್ಚಿಕೊಂಡಿತ್ತು. ಗಂಡ ಅಣವೀರಪ್ಪ ತನ್ನ ಅಂಗಡಿಯ ಗಾದಿಯಿಂದ ಎದ್ದು ಬಂದ. ಅವನ ಮುಖದಲ್ಲಿ ಬಜಾರಿಗೇ ಹಂಚುವಷ್ಟು ಸಂತೋಷ.

"ನೋಡು, ಎಷ್ಟ ಶಾಂತ ಅದ. ಬ್ಯಾರೆ ಊರಿಂದ ಗಿರಾಕಿ ಬರ್ಲಕತ್ತಾರ ಇದನ್ನ ಕೇಳಿ," ಎಂದ.

ಅವಳು ನಿಚ್ಚಣಿಕೆ ತರಿಸಿ ಹತ್ತಿ, ಫಲಕದ ಅಡಿಗೆ ಅಂಗೈ ಇಟ್ಟಳು. ಫಲಕ ಅಲುಗುತ್ತಿತ್ತು. ಆದರೆ ಅದು ನಡುಕವಾಗಿರಲಿಲ್ಲ. ಜ್ವರದಲ್ಲಿ ಮಲಗಿದವರ ಎದೆಯ ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ಜಗದೇವಿ ಕೈ ತೆಗೆದಳು. ಗಂಡನಿಗೆ ಏನೂ ಹೇಳದೆ ನಿಚ್ಚಣಿಕೆ ಇಳಿದು ಕಾರ್ಖಾನೆಯ ಕಡೆ ನಡೆದಳು.

ಅದೇ ಭಟ್ಟಿಯಲ್ಲಿ ಜವಳಿ ಬಜಾರಿಗೆಂದೇ ಬೆಂದು ಉಳಿದಿದ್ದ ಫಲಕವೊಂದನ್ನು ಅಸ್ಮಾ ಪರೀಕ್ಷೆಯ ಚೌಕಟ್ಟಿಗೆ ಹಾಕಿ ಕಾಯಿಸಿದಳು. ಹೊರಗಿನ ಬಿಸಿಲು ಎಂದೂ ಮುಟ್ಟದಷ್ಟು ಕಾಯಿಸಿದರೂ ಅದು ಗುಂಯ್‌ಗುಡುತ್ತಲೇ ಇತ್ತು.

"ಫಲಕಕ್ಕ ಏನೂ ಆಗಿಲ್ಲ," ಎಂದಳು ಅಸ್ಮಾ.

"ನನಗ ಗೊತ್ತಿತ್ತು," ಎಂದಳು ಜಗದೇವಿ. ಅಷ್ಟು ಆತಂಕದಲ್ಲೂ ಅವಳ ದನಿಯಲ್ಲಿ ಜಂಬ ಇಣುಕಿತು. "ಹಂಗಾದ್ರ ಬಿಗಿಯೋದ್ರಾಗ ಏನೋ ಆಗ್ಯದ."

ಊರಿನ ಚಪ್ಪರವನ್ನೆಲ್ಲ ಬಿಗಿದದ್ದು ಮೈನುದ್ದೀನ್ ಮೇಸ್ತ್ರಿಯ ತಂಡ. ಹಿಂದಿನ ಬೇಸಿಗೆಯ ಕೆಲಸ ಅದು. ಆಗ ಹಗಲೆಲ್ಲ ಭಟ್ಟಿಯ ಹತ್ತಿರವೇ ಇರುತ್ತಿದ್ದ ಜಗದೇವಿ ಅವರಿಗೆ ಕಟ್ಟುನಿಟ್ಟಾಗಿ ಒಂದು ಮಾತು ಹೇಳಿದ್ದಳು: ನಡುಮಧ್ಯಾಹ್ನ, ಸುಡುಬಿಸಿಲಲ್ಲೇ ಫಲಕ ಬಿಗಿಯಬೇಕು, ಬೆಳಗಿನ ತಂಪಿನಲ್ಲಿ ಮುಟ್ಟಕೂಡದು. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಬೇಗ ತೆರೆದು ಮಧ್ಯಾಹ್ನಕ್ಕೆ ಬಾಗಿಲು ಹಾಕುವ ಸೀಮೆ ಇದು. ಇಲ್ಲಿ ಇಂಥ ಅಪ್ಪಣೆ ಕೊಟ್ಟವಳನ್ನು ಜನ ಬಾಯಿಗೆ ಬಂದಂತೆ ಬೈದಿದ್ದರು. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಮೈನುದ್ದೀನ್ ಮೇಸ್ತ್ರಿ ತನ್ನ ಮನೆಯ ಮುಂದೆ ಬೋಲ್ಟು ಬಿಗಿಯುವ ಪಾನಾಗಳಿಗೆ ಎಣ್ಣೆ ಹಚ್ಚುತ್ತ ಕೂತಿದ್ದ. ಅವಳು ಕೇಳಿದ್ದಕ್ಕೆ ಎದೆ ಸೆಟೆಸಿ ಹೇಳಿದ.

"ನೆತ್ತಿ ಮ್ಯಾಲ ಸೂರ್ಯ ಇದ್ದಾಗೇ ಬಿಗದೀವ್ರಿ ಮೇಡಂ. ಒಂದು ಫಲಕನೂ ತಪ್ಪಿಸಿಲ್ಲ. ತರಕಾರಿ ಬಜಾರಿನ್ಯಾಗ ಹುಡುಗರ ಕೈಯಾಗ ಬೊಬ್ಬಿ ಎದ್ದಿದ್ವು. ಜವಳಿ ಬಜಾರಿನ್ಯಾಗ ಮಾತ್ರ ನಾವು ರಾಜರಂಗ ಇದ್ದೆವ್ರಿ. ನಿಮ್ಮ ಅತ್ತಿಯವರ ಪುಣ್ಯ."

"ನಮ್ಮ ಅತ್ತಿ ಏನು ಮಾಡಿದ್ರು?"

"ಅವರಿಗಿ ನಮ್ಮ ಕೈ ನೋಡಿ ತಡಕೊಳ್ಳಾಕ ಆಗ್ಲಿಲ್ಲ. ಅಂಗಡಿ ಅಂಗಡಿಯಿಂದ ಗೋಣಿಚೀಲ ಕೂಡಸಿ, ನೀರಾಗ ಅದ್ದಿ, ಪ್ರತಿ ಫಲಕಕ್ಕೂ ಹೊದಸತಿದ್ರು. ತಣ್ಣಗಾದ ಮ್ಯಾಲೇ ನಮ್ಮ ಕೈಗಿ ಕೊಡಸೋದು. ಫಲಕ ತಣ್ಣಗಾದ್ರ ಅಂಚಿನ್ಯಾಗ ಸಣ್ಣ ಸಂದಿ ಬೀಳತಿತ್ತು, ಅದಕ್ಕ ಬೆಣಿ ಹೊಡದು ಗಟ್ಟಿ ಮಾಡಿದೆವು. ಅಲ್ಲಿನಷ್ಟು ಭದ್ರ ಕೆಲಸ ಊರಾಗ ಎಲ್ಲೂ ಇಲ್ರಿ."

ಜಗದೇವಿ ಅವನ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದಳು. ಸುಡುವ ಉಕ್ಕಿನ ಚೌಕಟ್ಟು ಪೂರಾ ಹಿಗ್ಗಿದ್ದ ಹೊತ್ತಿನಲ್ಲಿ ಒದ್ದೆ ಗೋಣಿಯಡಿ ಫಲಕ ಕುಗ್ಗಿತ್ತು. ಹಿಗ್ಗುವುದಕ್ಕೆ ಬಿಡಬೇಕಾಗಿದ್ದ ಕೂದಲೆಳೆ ಜಾಗಕ್ಕೂ ಬೆಣೆ ಹೊಡೆದಿದ್ದರು. ಫಲಕ ಮರಳಿ ಕಾದಾಗ ಅದಕ್ಕೆ ಹೋಗಲು ಎಲ್ಲಿದೆ ದಾರಿ? ಬಿಸಿಲಲ್ಲಿ ದುಡಿಯುವವರಿಗೆ ತಂಪು ಮಾಡುವುದೇ ದೊಡ್ಡ ಪುಣ್ಯ ಎನ್ನುವ ಈ ನಾಡಿನಲ್ಲಲ್ಲದೆ ಇಂಥ ತಪ್ಪು ಇನ್ನೆಲ್ಲೂ ಆಗುತ್ತಿರಲಿಲ್ಲ.

ಸಂಜೆ ಮನೆಯಲ್ಲಿ ರೊಟ್ಟಿಯ ಮುಂದೆ ಕೂತಾಗ ಜಗದೇವಿ ಗಂಡನಿಗೂ ಅತ್ತೆಗೂ ಎಲ್ಲವನ್ನೂ ಹೇಳಿದಳು. ನಾಳೆಯಿಂದ ಜವಳಿ ಬಜಾರು ಬಂದ್. ಬೆಣೆ ಕಿತ್ತು, ಫಲಕಗಳನ್ನು ಮತ್ತೆ ಬಿಸಿಲಲ್ಲಿ ಬಿಗಿದ ಮೇಲೇ ಬಾಗಿಲು ತೆಗೆಯುವುದು.

ಅಣವೀರಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ಲಗ್ನದ ಸೀಜನ್ನಿನ್ಯಾಗ ಬಂದ್ ಅಂದ್ರ ಬಜಾರಿನವರು ನನ್ನ ಮಾರಿ ನೋಡತಾರೇನು? ಬಂದ್ ಮಾಡೂದಾದ್ರೂ ಕಾರಣ ಯಾಕ ಹೇಳಬೇಕು? ಸಣ್ಣ ದುರಸ್ತಿ ಅಂತ ಹೇಳಿ ಮುಗಸು. ಅವ್ವನ ಹೆಸರು ಯಾಕ ಬರಬೇಕು?"

ಅತ್ತೆ ಕಾಶಿಬಾಯಿ ಕೈಯ ರೊಟ್ಟಿಯನ್ನು ತಟ್ಟೆಗೆ ಇಟ್ಟಳು. ಜವಳಿ ಬಜಾರಿನಲ್ಲಿ ಆಕೆಯ ಮಾತೆಂದರೆ ಮಾತು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ ಮನೆಯನ್ನೂ ಒಂದೇ ಕೈಯಲ್ಲಿ ನಡೆಸಿದವಳು.

"ನಾ ಮಾಡಿದ್ದು ಧರ್ಮದ ಕೆಲಸ ಅಂತ ಇಷ್ಟು ದಿನ ತಿಳಕೊಂಡಿದ್ದೆ," ಎಂದಳು ನಿಧಾನವಾಗಿ. "ನೀ ಬಿಸಲಾಗ ಬಿಗೀರಿ ಅಂದಿ. ಯಾಕ ಅಂತ ಯಾಕ ಹೇಳ್ಲಿಲ್ಲ?"

"ಹೇಳಿದ್ದಷ್ಟು ಮಾಡಿದ್ರ ಸಾಕಿತ್ತು, ಅತ್ತಿ."

"ಅದಕ್ಕೇ ನಾ ಮಾಡಗೊಡ್ಲಿಲ್ಲ. ಹುಡುಗರ ಕೈ ಸುಟ್ಟರೂ ಈಕಿಗಿ ಕರುಣಿಲ್ಲ ಅಂತ ಮಂದಿ ಅಂದ್ರು. ನನಗೂ ಹಂಗೇ ಅನಸಿತ್ತು. ಇದೇ ಕಟ್ಟಿ ಮ್ಯಾಲ ಕುಂತು ನೀ ಪರದೇಶದವರ ಜೋಡಿ ತಾಸಗಟ್ಟಲೆ ಫೋನಿನ್ಯಾಗ ಇದನ್ನೇ ತಿಳಿಸಿ ಹೇಳತಿದ್ದಿ. ನಾ ನಿನ್ನ ಬಾಜೂಕ ಕುಂತು ಜ್ವಾಳ ಹಸನ ಮಾಡತಿದ್ದೆ. ನನಗ ಒಂದು ಸಲ ಹೇಳಿದ್ದಿದ್ರ ಆ ಚೀಲ ಮುಟ್ಟತಿದ್ದೆನೇನು?"

ಜಗದೇವಿ ತಲೆ ತಗ್ಗಿಸಿದಳು. ಜಗತ್ತಿನ ಸಭೆಗಳಲ್ಲೆಲ್ಲ ಎದ್ದು ನಿಂತು ಇದನ್ನೇ ವಿವರಿಸಿದ್ದಳು. ತನ್ನ ಫಲಕದ ವಿಷಯ ತನ್ನ ಮನೆಯವರಿಗೆ ಅರ್ಥವಾಗಬಹುದು ಎಂದು ಅವಳಿಗೆ ಅನಿಸಿಯೇ ಇರಲಿಲ್ಲ. ನಾಚಿಕೆಯಾಯಿತು.

ತಟ್ಟೆ ಪಕ್ಕಕ್ಕಿಟ್ಟು ಅತ್ತೆಯ ಹತ್ತಿರ ಸರಿದು ಕೂತಳು. "ಮಳಿಗಾಲದಾಗ ನಮ್ಮ ಹಿತ್ತಲ ಬಾಗಿಲ ಉಬ್ಬಿ ಚೌಕಟ್ಟಿನ್ಯಾಗ ಸಿಕ್ಕೊಳ್ಳತದಲ್ಲ ಅತ್ತಿ, ನೆನಪದನ?" ಎಂದು ಶುರುಮಾಡಿದಳು. ಬಾಗಿಲಿಂದ ಚೌಕಟ್ಟಿಗೆ, ಚೌಕಟ್ಟಿಂದ ಫಲಕಕ್ಕೆ ಬಂದಳು. ಕಾಶಿಬಾಯಿ ನಡುನಡುವೆ ಪ್ರಶ್ನೆ ಹಾಕುತ್ತಿದ್ದಳು, ಒಂದೆರಡಕ್ಕೆ ಜಗದೇವಿಯೂ ಯೋಚಿಸಿ ಉತ್ತರ ಕೊಡಬೇಕಾಯಿತು. ಅಣವೀರಪ್ಪ ಊಟ ಮರೆತು ಕೇಳುತ್ತ ಕೂತ.

ಕೊನೆಗೆ ಕಾಶಿಬಾಯಿ ಎದ್ದು ಕೈ ತೊಳೆದಳು. "ಬಜಾರ ಬಂದ್ ಮಾಡು. ಕಾರಣ ನಾ ಹೇಳತೀನಿ."

ಮರುದಿನ ಬೆಳಿಗ್ಗೆ ಬಜಾರಿನ ಬಾಯಲ್ಲಿ ವ್ಯಾಪಾರಿಗಳೆಲ್ಲ ಕೂಡಿದರು. ಗದ್ದಲ ಜೋರಾಗಿತ್ತು. ನಮ್ಮಷ್ಟು ಶಾಂತ ಚಪ್ಪರ ಊರಲ್ಲೇ ಇಲ್ಲ, ಅದನ್ನೇ ಬಿಚ್ಚುತ್ತೀರಾ, ತರಕಾರಿಯವರ ಹೊಟ್ಟೆಕಿಚ್ಚಿಗೆ ತಲೆ ಬಾಗಿದಿರಾ ಎಂದು ಒಬ್ಬೊಬ್ಬರೂ ಒಂದೊಂದು ಅಂದರು. ಜಗದೇವಿ ಬಾಯಿ ತೆರೆಯುವ ಮುಂಚೆ ಕಾಶಿಬಾಯಿ ಮುಂದೆ ಬಂದು ನಿಂತಳು.

"ತಗಡಿಗಿ ಹಸಿ ಚೀಲ ಹೊದಸಿದಾಕಿ ನಾನು," ಎಂದಳು. "ಅದು ಗಪ್ಪಾಗಿದ್ದು ಶಾಂತಿಗಲ್ಲ. ಅದಕ್ಕ ಉಸರು ಸಿಕ್ಕೊಂಡದ. ಒದರೂ ತಗಡೇ ಆರಾಮದಾಗಿರೂ ತಗಡ."

ಗದ್ದಲ ತಗ್ಗಿತು. ಆಮೇಲೆ ಜಗದೇವಿ ಹೇಳಿದಳು. ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಬೂದಿ ಬಣ್ಣದ ತನ್ನ ನಿಯಮವನ್ನೂ, ತನ್ನ ಫಲಕ ಅಷ್ಟು ಇಳಿಯಲಾರದು ಎಂದು ನಂಬಿ ಎಚ್ಚರಿಕೆಯನ್ನೇ ಕಿತ್ತುಹಾಕಿದ್ದನ್ನೂ ಹೇಳಿದಳು. ಮಾತು ಮುಗಿದಾಗ ಮುದಿ ವ್ಯಾಪಾರಿಯೊಬ್ಬ ಕತ್ತೆತ್ತಿ ಮೇಲೆ ನೋಡಿ, ತನ್ನ ಅಂಗಡಿಯ ಶೆಟರು ಎಳೆದ. ಉಳಿದವರೂ ಎಳೆದರು.

ಕೆಲಸ ಮಾಡಬೇಕಾದದ್ದು ನಡುಮಧ್ಯಾಹ್ನ, ನಲವತ್ತೆಂಟು ಡಿಗ್ರಿ ಬಿಸಿಲಲ್ಲಿ, ಕಾದ ಫಲಕವನ್ನು ಕಾದ ಹಾಗೇ ಹಿಡಿದು. ಮೈನುದ್ದೀನ್ ಮೇಸ್ತ್ರಿ ತನ್ನ ಭದ್ರ ಕೆಲಸವನ್ನು ತಾನೇ ಬಿಚ್ಚಬೇಕಲ್ಲ ಎಂದು ಮೊದಲು ಮುಖ ಗಂಟಿಕ್ಕಿದ. ಆದರೆ ಕಾರಣ ಪೂರ್ತಿ ಕೇಳಿದ ಮೇಲೆ ಬೇರೆ ಮನುಷ್ಯನೇ ಆದ. ಒಬ್ಬರು ಹೆಚ್ಚು ಹೊತ್ತು ಮೇಲಿರಬಾರದು, ಪಾಳಿ ಮಾಡಬೇಕು, ಅದಕ್ಕೆ ತನ್ನ ತಂಡ ಸಾಲದು ಎಂದ. ಅಣವೀರಪ್ಪ ಧೋತರ ಎತ್ತಿ ಕಟ್ಟಿದ. ಜೀವಮಾನದಲ್ಲಿ ಗಜಕಡ್ಡಿ ಬಿಟ್ಟು ಬೇರೇನೂ ಹಿಡಿಯದ ವ್ಯಾಪಾರಿಗಳು ಒಬ್ಬೊಬ್ಬರಾಗಿ ಅವನ ಹಿಂದೆ ನಿಂತರು.

ಕೈ ಸುಡುವ ಮಾತು ಬಂತು. ಕಾಶಿಬಾಯಿ ಹಳೆ ಬಟ್ಟೆಯ ಕೌದಿಗಳನ್ನು ತರಿಸಿ, ಕತ್ತರಿಸಿ, ಪದರದ ಮೇಲೆ ಪದರ ಇಟ್ಟು ಕೈಗವಸು ಹೊಲಿದಳು. ಬಜಾರಿನ ಹೊಲಿಗೆ ಮಷೀನುಗಳೆಲ್ಲ ಆಕೆಯ ಮನೆಯ ಪಡಸಾಲೆಗೆ ಬಂದವು. ತರಕಾರಿ ಬಜಾರಿನವರು ಗಾಡಿ ತುಂಬ ಕಲ್ಲಂಗಡಿ, ಸೌತೆಕಾಯಿ ತಂದು ನಿಲ್ಲಿಸಿದರು. ಮಲ್ಕಮ್ಮ ಕೊಡ ಹಿಡಿದು ನಿಚ್ಚಣಿಕೆಯ ಬುಡದಲ್ಲೇ ಕಾವಲು ನಿಂತಳು.

"ನೀರು ಮಂದಿಗಿ. ತಗಡಿಗಿ ಒಂದು ಹನಿ ಬಿದ್ರ ನೋಡ್ರಿ ಮತ್ತ," ಎಂದು ಎಲ್ಲರನ್ನೂ ಹೆದರಿಸುತ್ತಿದ್ದಳು. ಅಷ್ಟಾದರೂ ಬಾಯಿಯಲ್ಲಿ ತಗಡೇ.

ಮೊದಲ ಬೆಣೆಯನ್ನು ಮೈನುದ್ದೀನ್ ಮೇಸ್ತ್ರಿಯೇ ಕಿತ್ತ. ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿದ್ದಕ್ಕೆ ಬೆಣೆ ಠಣ್ ಎಂದು ಹಾರಿ ಕೆಳಗೆ ಬಿತ್ತು. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ, ಇಡೀ ಸಾಲು ಮೂಕವಾಗಿದ್ದಲ್ಲಿ, ಆ ಒಂದೇ ಫಲಕ ಒಡಕು ದನಿಯಲ್ಲಿ ಗುಂಯ್ ಎಂದಿತು. ಕೆಳಗೆ ನಿಂತವರು ಓ ಎಂದು ಕೂಗಿದರು. ಜಗದೇವಿಯ ಕಣ್ಣು ತುಂಬಿ ಬಂದವು. ಬೆವರು ಒರೆಸುವ ನೆವದಲ್ಲಿ ಸೆರಗು ಎಳೆದುಕೊಂಡಳು.

ಕೆಲಸ ಮುಗಿಯುವುದಕ್ಕೂ ಆ ಸುಡುಬಿಸಿಲಿನ ದಿನ ಬರುವುದಕ್ಕೂ ಸರಿಹೋಯಿತು. ಅಂದು ಬೆಳಿಗ್ಗೆಯೇ ಕಾಗೆಗಳು ನೆಲಕ್ಕೆ ಇಳಿದು ಅಂಗಡಿಗಳ ನೆರಳಲ್ಲಿ ಬಾಯಿ ತೆರೆದು ಕೂತವು. ಜವಳಿ ಬಜಾರನ್ನು ಇನ್ನೊಂದು ದಿನ ಮುಚ್ಚಿರಿ, ಫಲಕಗಳು ಈ ಬಿಸಿಲು ದಾಟಲಿ ಎಂದು ಜಗದೇವಿ ಹೇಳಿಕಳಿಸಿದ್ದಳು. ನಿಯಂತ್ರಣ ಕೋಣೆಯಲ್ಲಿ ಅಸ್ಮಾ ಒಬ್ಬಳನ್ನೇ ಬಿಟ್ಟು, ಫೋನು ಕಿವಿಗೆ ಸಿಕ್ಕಿಸಿಕೊಂಡು ತಾನು ಬಜಾರಿನ ನಡುವಿಗೆ ಬಂದು ಕುರ್ಚಿ ಹಾಕಿ ಕೂತಳು. ಬೇರೆಯವರನ್ನು ಕೂರಿಸುವ ಜಾಗದಲ್ಲಿ ಮೊದಲು ತಾನು ಕೂರಬೇಕು ಎಂದು ಅವಳಿಗೆ ಅನಿಸಿತ್ತು.

"ನಲವತ್ತೊಂಬತ್ತು," ಎಂದಳು ಅಸ್ಮಾ ಫೋನಿನಲ್ಲಿ. "ಎಲ್ಲಾ ಬಜಾರೂ ಇಳೀಲಕತ್ತಾವ. ನಿನ್ನ ಸಾಲು ಹಸಿರೇ ಅದ."

ಮೇಲೆ ದನಿ ದಪ್ಪವಾಗುತ್ತ ಹೋಯಿತು. ಅಷ್ಟರಲ್ಲಿ ಕಾಶಿಬಾಯಿ ಬಗಲಲ್ಲಿ ಚಾಪೆ ಇಟ್ಟುಕೊಂಡು ಬರುವುದು ಕಾಣಿಸಿತು. ಬೇಡ, ಮನೆಗೆ ಹೋಗಿ ಎಂದು ಜಗದೇವಿ ಹೇಳಿದ್ದನ್ನು ಆಕೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ನಿನ್ನ ಲೆಕ್ಕದ ಮ್ಯಾಲ ನಿನಗ ನಂಬಿಕಿ ಅದನೋ ಇಲ್ಲೋ?" ಎಂದು ಕೇಳಿದಳು.

"ಅದ."

"ಹಂಗಾದ್ರ ನನಗೂ ಅದ," ಎಂದು ಚಾಪೆ ಹಾಸಿ ಕೂತಳು.

ಐವತ್ತು ದಾಟಿತು. ಚಪ್ಪರದ ದನಿ ಈಗ ಕಿವಿಗಿಂತ ಎದೆಗೇ ಹೆಚ್ಚು ತಾಕುತ್ತಿತ್ತು. ಕಿತ್ತಳೆ ಬಂತು ಎಂದಳು ಅಸ್ಮಾ, ಮೊದಲು ತರಕಾರಿ ಬಜಾರಿಗೆ, ಆಮೇಲೆ ಜವಳಿ ಬಜಾರಿಗೆ. ಈಗ ಬೂದಿ ಬಣ್ಣ ಎನ್ನುವುದೇ ಆ ಪರದೆಯಲ್ಲಿ ಇರಲಿಲ್ಲ. ಅದನ್ನು ಅಳಿಸಿ, ಕಿತ್ತಳೆಯ ಕೆಳಗೆ ಕೆಂಪು ಇಟ್ಟಿದ್ದರು.

"ಐವತ್ತೊಂದೂವರಿ. ಕಿತ್ತಳೆದಾಗೇ ನಿಂತದ. ಇನ್ನೂ ಇಳೀಲಿಕ್ಕ ಜಾಗ ಭಾಳ ಅದ, ಜಗದೇವಿ. ಊರಿನ ಎಲ್ಲಾ ಸಾಲಿನ ದನಿನೂ ಒಂದೇ."

ದನಿ ನಿಲ್ಲಲಿಲ್ಲ. ಹೊತ್ತು ಇಳಿಯುತ್ತ ಅದು ಮೆಲ್ಲಗೆ ಏರತೊಡಗಿದಾಗ ಜಗದೇವಿ ಕುರ್ಚಿಯಿಂದ ಎದ್ದು ಸುತ್ತ ನೋಡಿದಳು. ಅಂಗಡಿಗಳ ಶೆಟರು ಹಾಕಿದ್ದವು, ಆದರೆ ಕಟ್ಟೆಗಳ ಮೇಲೆ ಜನ ಕೂತಿದ್ದರು. ಅಣವೀರಪ್ಪ, ಮೈನುದ್ದೀನ್ ಮೇಸ್ತ್ರಿ, ಮಲ್ಕಮ್ಮ, ಕೈಗೆ ಪಟ್ಟಿ ಕಟ್ಟಿಕೊಂಡ ವ್ಯಾಪಾರಿಗಳು. ಯಾವಾಗ ಬಂದು ಕೂತರೋ. ಯಾರೂ ಕರೆದಿರಲಿಲ್ಲ, ಬರಬೇಡಿ ಎಂದೇ ಹೇಳಲಾಗಿತ್ತು. ಅವಳ ಎದೆ ಅಂದು ಉಬ್ಬಿದಷ್ಟು ಯಾವ ಸಭೆಯಲ್ಲೂ ಯಾವ ಪ್ರಶಸ್ತಿಗೂ ಉಬ್ಬಿರಲಿಲ್ಲ.

ಆ ಬಿಸಿಲಲ್ಲಿ ನಿಂತ ಚಪ್ಪರದ ಸುದ್ದಿ ಸುತ್ತಲೂ ಹಬ್ಬಿತು. ಒಂದು ದಿನ ಭೀಮಾ ನದಿಯ ಆಚೆಯ ಊರೊಂದರಿಂದ ಪಂಚರು ಜಗದೇವಿಯ ಮನೆಗೆ ಬಂದರು. ನಮಗೂ ಇಂಥದೇ ಬೇಕು, ಫಲಕ ಕೊಡಿ, ಬಿಗಿಯುವ ಬಗೆಯನ್ನು ಬರೆದು ಕೊಡಿ ಎಂದರು. ಬರೆದು ಕೊಡುತ್ತೇನೆ, ಆದರೆ ಬರೆದದ್ದು ಸಾಲುವುದಿಲ್ಲ, ನಿಮ್ಮೂರಿನ ಜನಕ್ಕೆ ಕೂತು ತಿಳಿಸಿ ಹೇಳಬೇಕು ಎಂದಳು ಜಗದೇವಿ.

"ಹಂಗಾದ್ರ ನೀವೇ ಬರ್ರಿ ಮೇಡಂ."

"ನಾನೂ ಬರ್ತೀನಿ. ಹೇಳೋರು ಮಾತ್ರ ನಮ್ಮ ಅತ್ತಿ."

ಪಂಚರು ಮುಖ ಮುಖ ನೋಡಿಕೊಂಡರು. ಒಳಗೆ ಜೋಳ ಹಸನು ಮಾಡುತ್ತಿದ್ದ ಕಾಶಿಬಾಯಿಯ ಕೈಯೂ ನಿಂತಿತು.

"ನಾ ಅಲ್ಲಿಗಿ ಹೋಗಿ ಏನು ಹೇಳ್ಲಿ?" ಎಂದು ಮೊರ ಹಿಡಿದೇ ಹೊರಗೆ ಬಂದಳು.

"ಏನಾಯಿತೋ ಅದನ್ನೇ, ಅತ್ತಿ."

ಕಾಶಿಬಾಯಿ ಮೊರವನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಆ ಊರಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಮೊದಲ ನನ್ನ ತಪ್ಪ ಹೇಳತೀನಿ," ಎಂದಳು. "ಆಮ್ಯಾಲ, ಇದು ನನ್ನ ಸೊಸಿ ಕಟ್ಟಿದ ಚಪ್ಪರ ಅಂತ ಹೇಳತೀನಿ. ಹಿಂದ ಮುಂದ ಮಾಡಿದ್ರ ನಿಮ್ಮ ಮಂದಿ ನಂಬೂದಿಲ್ಲ."